ನಕ್ಷತ್ರ ನೋಡುವ ರಾತ್ರಿ ಲ್ಯಾಪ್‌ಟಾಪ್ ಜೋಪಾನ

(ನಮ್ಮ ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹವ್ಯಾಸಿ ಖಗೋಳ ವೀಕ್ಷಣೆಯ ಬಗ್ಗೆ ಮಾತಾಡಿ ಎಂದು ಕಾರ್ಯದರ್ಶಿಯವರು ಹೇಳಿದ್ದರು. ಅದು ದೊಡ್ಡ ವಿಷಯ. ಮುಕ್ಕಾಲು ಗಂಟೆಯಲ್ಲಿ ಆಕಾಶ ಪೂರ್ತಿ ತೋರಿಸುವ ಶಕ್ತಿ ನನಗಿಲ್ಲ. ಹಾಗಾಗಿ ಒಂದು ಸಣ್ಣ ಮೂಲೆ ಆರಿಸಿಕೊಂಡಿದ್ದೇನೆ. ರಾತ್ರಿಯಿಡೀ ಬಯಲಿನಲ್ಲಿ ದೂರದರ್ಶಕ ಇಟ್ಟುಕೊಂಡು ಕೂರುವಾಗ ಜೊತೆಗಿರುವ ಲ್ಯಾಪ್‌ಟಾಪನ್ನು ಕಾಪಾಡುವುದು ಹೇಗೆ ಎಂಬುದಷ್ಟೇ ಇವತ್ತಿನ ಮಾತು.

ಇದೆಂಥ ವಿಷಯ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಈ ಹವ್ಯಾಸಕ್ಕೆ ಹೊಸದಾಗಿ ಬರುವ ಹೆಂಗಸರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಶನಿಗ್ರಹದ ಬಳೆಯದ್ದಲ್ಲ. "ಅಕ್ಕಾ, ಲ್ಯಾಪ್‌ಟಾಪ್ ತಂದರೆ ಹಾಳಾಗುವುದಿಲ್ಲವಾ?" ಎಂದೇ ಕೇಳುತ್ತಾರೆ. ಆ ಪ್ರಶ್ನೆಯ ಹಿಂದೆ ಏನಿದೆ ಎಂದು ನಮಗೆಲ್ಲ ಗೊತ್ತು. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ಮಗಳ ಪ್ರಾಜೆಕ್ಟ್, ಮಗನ ಆನ್‌ಲೈನ್ ಕ್ಲಾಸು, ಸೊಸೈಟಿಯ ಲೆಕ್ಕ, ಎಲ್ಲ ಅದರಲ್ಲೇ. ಅದನ್ನು ಶನಿವಾರ ಸಂಜೆ ಬ್ಯಾಗಿಗೆ ಹಾಕಿಕೊಂಡು ರಾತ್ರಿಯಿಡೀ ಬಯಲಿಗೆ ಒಯ್ಯುತ್ತೇನೆ ಎಂದರೆ ಮನೆಯಲ್ಲಿ ಒಂದು ಮಾತು ಬಂದೇ ಬರುತ್ತದೆ. ಅದು ಭಾನುವಾರ ಬೆಳಿಗ್ಗೆ ಸರಿಯಾಗಿ ವಾಪಸು ಬಂದರೆ ಮುಂದಿನ ತಿಂಗಳೂ ಹೋಗಬಹುದು. ಬರದಿದ್ದರೆ ಆ ಹೆಂಗಸಿನ ನಕ್ಷತ್ರ ನೋಡುವ ಕಥೆ ಅಲ್ಲಿಗೆ ಮುಗಿಯಿತು. ಗಂಡಸರ ಹವ್ಯಾಸಕ್ಕೆ ನಷ್ಟವಾದರೆ ಅದಕ್ಕೆ ಖರ್ಚು ಎಂಬ ಹೆಸರು. ನಮ್ಮದಕ್ಕೆ ಆದರೆ "ಬೇಕಿತ್ತಾ ಇದು?" ಎಂಬ ಪ್ರಶ್ನೆ. ಆದ್ದರಿಂದ ಇದು ನನಗೆ ಬರೀ ಯಂತ್ರದ ವಿಷಯವಲ್ಲ.

ಮೊದಲು ಲ್ಯಾಪ್‌ಟಾಪ್ ಅಲ್ಲಿ ಏಕೆ ಬೇಕು ಎಂಬುದನ್ನು ಹೇಳಿಬಿಡುತ್ತೇನೆ. ಬರಿಗಣ್ಣಿನಿಂದ ಮೃಗಶಿರ, ಕೃತ್ತಿಕೆ, ಲುಬ್ಧಕ ನೋಡಲು ಏನೂ ಬೇಡ. ಒಂದು ಚಾಪೆ ಸಾಕು. ಆದರೆ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಮೃಗಶಿರದ ನೀಹಾರಿಕೆಯ ಚಿತ್ರ ತೆಗೆಯಬೇಕೆಂದರೆ, ಭೂಮಿ ತಿರುಗುವುದಕ್ಕೆ ಸರಿಯಾಗಿ ದೂರದರ್ಶಕವನ್ನೂ ತಿರುಗಿಸುತ್ತ, ನೂರಾರು ಚಿತ್ರಗಳನ್ನು ಒಂದರ ಹಿಂದೆ ಒಂದು ಉಳಿಸಿಕೊಳ್ಳಬೇಕು. ಆ ಕೆಲಸ ಕಂಪ್ಯೂಟರಿನದು. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂನಂಥ ಉಚಿತ ತಂತ್ರಾಂಶವೂ ಅದರಲ್ಲೇ ಇರುತ್ತದೆ.

ನಮ್ಮ ಮುಂಬಯಿಯ ಬೆಳಕಿನಲ್ಲಿ ಇದೆಲ್ಲ ಆಗುವುದಿಲ್ಲ. ಮುಂಬಯಿಯ ಹವ್ಯಾಸಿಗಳು ಬಹಳ ವರ್ಷಗಳಿಂದ ಕರ್ಜತ್ ಲೋಕಲ್ ಹತ್ತಿ, ಬದ್ಲಾಪುರ ದಾಟಿದ ಮೇಲೆ ಸಿಗುವ ವಾಂಗಣಿಯಲ್ಲಿ ಇಳಿಯುತ್ತಾರೆ. ನಾವೂ ಅಷ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆಕಾಶವೇ ಕಾಣದು. ಆದ್ದರಿಂದ ನಮ್ಮ ಸುಗ್ಗಿಯ ಕಾಲ ನವೆಂಬರ್‌ನಿಂದ ಫೆಬ್ರವರಿ, ಅದರಲ್ಲೂ ಅಮಾವಾಸ್ಯೆಗೆ ಹತ್ತಿರದ ಶನಿವಾರ. ಸಂಜೆಯ ಲೋಕಲ್‌ನಲ್ಲಿ ಹೋದರೆ ಬೆಳಗಿನ ಲೋಕಲ್‌ವರೆಗೆ ಅಲ್ಲೇ. ನಡುವೆ ಲ್ಯಾಪ್‌ಟಾಪನ್ನು ಮನೆಯೊಳಗೆ ಇಟ್ಟು ಬರುತ್ತೇನೆ ಎಂದರೆ ಮನೆಯೇ ಹತ್ತಿರವಿಲ್ಲ.

ಅಲ್ಲಿ ಲ್ಯಾಪ್‌ಟಾಪಿಗೆ ಶತ್ರು ಯಾರು? ಎಲ್ಲರೂ ಚಳಿ ಎನ್ನುತ್ತಾರೆ. ನಮ್ಮ ಕಡೆಯ ಚಳಿಗಾಲದ ರಾತ್ರಿಗೆ ಲ್ಯಾಪ್‌ಟಾಪ್ ಹೆದರುವುದಿಲ್ಲ. ನಾವು ಶಾಲು ಹೊದ್ದು ನಡುಗುತ್ತಿದ್ದರೂ ಅದು ಆರಾಮಾಗಿ ಕೆಲಸ ಮಾಡುತ್ತದೆ. ನಿಜವಾದ ಶತ್ರು ಇಬ್ಬನಿ.

ಇಬ್ಬನಿ ಬೀಳುತ್ತದೆ ಎನ್ನುತ್ತೇವೆ. ಆದರೆ ಅದು ಮಳೆಯ ಹಾಗೆ ಮೇಲಿನಿಂದ ಬೀಳುವುದಿಲ್ಲ. ಊರಿನ ಮನೆಯನ್ನು ನೆನಪಿಸಿಕೊಳ್ಳಿ. ಚಳಿಗಾಲದ ಬೆಳಿಗ್ಗೆ ಅಂಗಳದ ತುಳಸಿಕಟ್ಟೆ ಒದ್ದೆಯಾಗಿರುತ್ತದೆ, ನಾಲ್ಕು ಹೆಜ್ಜೆ ಆಚೆ ಸೂರಿನ ಕೆಳಗಿನ ಜಗಲಿ ಒಣಗಿರುತ್ತದೆ. ಎರಡಕ್ಕೂ ಗಾಳಿ ಒಂದೇ. ವ್ಯತ್ಯಾಸ ಇಷ್ಟೇ, ತುಳಸಿಕಟ್ಟೆ ಆಕಾಶವನ್ನು ನೋಡುತ್ತಿದೆ, ಜಗಲಿ ಸೂರನ್ನು ನೋಡುತ್ತಿದೆ. ಮೋಡವಿಲ್ಲದ ರಾತ್ರಿ, ಆಕಾಶಕ್ಕೆ ಮುಖಮಾಡಿದ ಪ್ರತಿಯೊಂದು ವಸ್ತುವೂ ತನ್ನ ಬಿಸಿಯನ್ನು ಮೇಲಕ್ಕೆ ಬಿಟ್ಟುಕೊಡುತ್ತ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ತಣ್ಣಗಿನ ಚೊಂಬಿನ ಹೊರಗೆ ನೀರು ಕಟ್ಟುವ ಹಾಗೆ, ಗಾಳಿಯಲ್ಲಿದ್ದ ತೇವ ಅದರ ಮೇಲೆ ಕೂರುತ್ತದೆ. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಸಂಜೆಯಾಗುತ್ತಲೇ ರಾಶಿ ಮಾಡಿ ಮುಚ್ಚುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಇದನ್ನು ಲೆಕ್ಕ ಹಾಕಿ ತೋರಿಸಿದವರು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ಅವರ ಇಬ್ಬನಿಯ ಮೇಲಿನ ಪ್ರಬಂಧ ಪ್ರಕಟವಾದದ್ದು 1814ರಲ್ಲಿ. ತೂಕ ಮಾಡಿದ ಉಣ್ಣೆಯ ಸಣ್ಣ ಉಂಡೆಗಳನ್ನು ರಾತ್ರಿ ತೋಟದಲ್ಲಿ ಇಟ್ಟು, ಆಮೇಲೆ ಮತ್ತೆ ತೂಗಿ, ಎಷ್ಟು ಇಬ್ಬನಿ ಹೀರಿತು ಎಂದು ಅವರು ನೋಡುತ್ತಿದ್ದರು. ಎತ್ತರಿಸಿದ ಹಲಗೆಯ ಮೇಲಿಟ್ಟ ಉಣ್ಣೆ ಹೆಚ್ಚು ತೂಗಿತು, ಅದೇ ಹಲಗೆಯ ಅಡಿಗೆ ಕಟ್ಟಿದ ಉಣ್ಣೆ ಬಹಳ ಕಡಿಮೆ ತೂಗಿತು. ಲ್ಯಾಪ್‌ಟಾಪ್ ಜೋಪಾನದ ಮೊದಲ ಪಾಠ ಇಷ್ಟೇ. ಅದರ ತಲೆಯ ಮೇಲೆ ಒಂದು ಸೂರು ಇರಬೇಕು.

ಎರಡನೆಯ ಪಾಠ, ಅದು ಬೆಚ್ಚಗಿರಬೇಕು. ಗಾಳಿ 20 ಡಿಗ್ರಿ ಇದ್ದು ತೇವಾಂಶ ಶೇಕಡಾ 80 ಇದ್ದರೆ, ಸುಮಾರು 16 ಡಿಗ್ರಿಗೆ ಇಳಿದ ಯಾವ ವಸ್ತುವಿನ ಮೇಲಾದರೂ ನೀರು ಕಟ್ಟಲು ಶುರುವಾಗುತ್ತದೆ. ಅಂದರೆ ಅಂತರ ನಾಲ್ಕೇ ಡಿಗ್ರಿ. ನಮ್ಮ ಅದೃಷ್ಟಕ್ಕೆ ಲ್ಯಾಪ್‌ಟಾಪ್ ತಾನೇ ಒಂದು ಸಣ್ಣ ಒಲೆ. ಕೆಲಸ ಮಾಡುವಾಗ ಅದು ತಿನ್ನುವ 20 ವ್ಯಾಟ್ ವಿದ್ಯುತ್ ಬಹುಮಟ್ಟಿಗೆ ಬಿಸಿಯಾಗಿಯೇ ಹೊರಬರುತ್ತದೆ. ಬಯಲಿನಲ್ಲಿ ಆ ಬಿಸಿ ಗಾಳಿಪಾಲು. ಒಂದು ಪೆಟ್ಟಿಗೆಯೊಳಗೆ ಇಟ್ಟರೆ ಅದೇ ಬಿಸಿ ಅದನ್ನು ಇಬ್ಬನಿಯಿಂದ ಕಾಯುತ್ತದೆ. ಬೇರೆ ಹೀಟರ್ ಬೇಡ. ಒಂದೇ ಎಚ್ಚರ, ಅದನ್ನು ನಿದ್ದೆಗೆ ಹೋಗಲು ಬಿಡಬಾರದು. ಹತ್ತು ನಿಮಿಷ ಮುಟ್ಟದಿದ್ದರೆ ಮಲಗುವ ವ್ಯವಸ್ಥೆಯನ್ನು ಸೆಟಿಂಗ್ಸ್‌ನಲ್ಲಿ ಮೊದಲೇ ತೆಗೆದುಹಾಕಿ. ಮಲಗಿದ ಲ್ಯಾಪ್‌ಟಾಪ್ ತಣ್ಣಗಾಗುತ್ತದೆ, ತಣ್ಣಗಾದದ್ದರ ಮೇಲೆ ಇಬ್ಬನಿ ಕೂರುತ್ತದೆ.

ಈಗ ಪೆಟ್ಟಿಗೆ. ಹಾಸಿಗೆ, ರಜಾಯಿ ತುಂಬಿಡಲು ಪ್ಲಾಸ್ಟಿಕ್ಕಿನ ದೊಡ್ಡ ಡಬ್ಬ ಸಿಗುತ್ತದಲ್ಲ, ಅದೇ ಸಾಕು. ನಿಮ್ಮ ಲ್ಯಾಪ್‌ಟಾಪ್ ತೆರೆದು ನಿಲ್ಲಿಸಿ ಅಳತೆ ತೆಗೆದುಕೊಳ್ಳಿ. ಅದಕ್ಕಿಂತ ಪ್ರತಿ ಬದಿಗೂ ಒಂದು ಗೇಣಿನಷ್ಟು ಹೆಚ್ಚು ಜಾಗ ಇರಲಿ. ಡಬ್ಬವನ್ನು ಬದಿಗೆ ಮಲಗಿಸಿದರೆ ಅದರ ಬಾಯಿ ನಿಮ್ಮ ಕಡೆಗೆ ಬರುತ್ತದೆ, ಮಾರುಕಟ್ಟೆಯ ಸಣ್ಣ ಅಂಗಡಿಯ ಹಾಗೆ. ಒಳಗೆ ಕಪ್ಪು ಬಟ್ಟೆ ಅಂಟಿಸಿ. ಮೇಲೆ, ಹಿಂದೆ, ಬದಿಗೆ ತಗಡಿನ ಛಾವಣಿಯ ಅಡಿಗೆ ಹಾಕುವ ಬೆಳ್ಳಿ ಬಣ್ಣದ ಫೋಮ್ ಹಾಳೆ ಸುತ್ತಿದರೆ ಬಿಸಿ ಉಳಿಯುತ್ತದೆ. ಬಾಯಿಗೆ ಎರಡು ತುಂಡು ಕಪ್ಪು ಬಟ್ಟೆಯ ಪರದೆ. ಹಳೆಯ ಕಪ್ಪು ಪೆಟಿಕೋಟ್ ಇದಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ. ನಡುವೆ ಸೀಳಿರುವುದರಿಂದ ಕೈ ತೂರಿಸಿ ಕೀಲಿಮಣೆ ಒತ್ತಬಹುದು, ಬೇಕಾದಾಗ ಮುಖ ಇಟ್ಟು ನೋಡಬಹುದು. ಪೂರ್ತಿ ಗಾಳಿ ಹೋಗದಂತೆ ಮುಚ್ಚಬೇಡಿ. ಲ್ಯಾಪ್‌ಟಾಪಿನ ಫ್ಯಾನ್ ಗಾಳಿ ಬಿಡುವ ಬದಿಗೆ ಅಡ್ಡ ಇಡಬೇಡಿ. ನಮಗೆ ಬೇಕಾದದ್ದು ಬೆಚ್ಚಗಿನ ಗೂಡು, ಪ್ರೆಶರ್ ಕುಕ್ಕರ್ ಅಲ್ಲ.

ಹಿಂಬದಿಯ ಕೆಳಮೂಲೆಯಲ್ಲಿ ವೈರಿಗೆ ಒಂದು ತೂತು. ಕ್ಯಾಮೆರಾದ ವೈರು ದೂರದರ್ಶಕದಿಂದ ಇಳಿದು ನೇರ ಪೆಟ್ಟಿಗೆಯೊಳಗೆ ಬಂದರೆ, ಅದರ ಮೇಲೆ ಕಟ್ಟಿದ ಇಬ್ಬನಿಯ ಹನಿಯೂ ಹಾಗೇ ಜಾರಿ ಒಳಗೆ ಬರುತ್ತದೆ. ಆದ್ದರಿಂದ ವೈರು ತೂತಿಗಿಂತ ಕೆಳಗೆ ಇಳಿದು, ಜೋಲಿಯಂತೆ ಬಾಗಿ, ಮತ್ತೆ ಮೇಲೇರಿ ಒಳಗೆ ಹೋಗಲಿ. ಹನಿ ಆ ಜೋಲಿಯ ತಳದಲ್ಲೇ ಕೆಳಗೆ ಬೀಳುತ್ತದೆ. ಡಿಶ್ ಟೀವಿಯ ವೈರು ಹಾಕುವವರು ಕಿಟಕಿಯ ಹೊರಗೆ ಹೀಗೇ ಬಾಗಿಸಿ ಬಿಡುತ್ತಾರೆ, ಗಮನಿಸಿ ನೋಡಿ.

ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ. ನೆಲದ ತೇವ ಏರುತ್ತದೆ, ಇರುವೆ ಬರುತ್ತದೆ, ಚೇಳು ಬೆಚ್ಚಗಿನ ಜಾಗ ಹುಡುಕಿಕೊಂಡು ಬಂದರೂ ಆಶ್ಚರ್ಯವಿಲ್ಲ. ಮಡಿಸುವ ಮೇಜು ಅಥವಾ ಗಟ್ಟಿ ಸ್ಟೂಲು ಇರಲಿ. ಇನ್ನೊಂದು ನಿಯಮ ನಮ್ಮ ಗುಂಪಿನಲ್ಲಿದೆ. ಚಹಾದ ಲೋಟ ಆ ಮೇಜಿನ ಹತ್ತಿರ ಬರುವಂತಿಲ್ಲ. ಕತ್ತಲೆಯಲ್ಲಿ ಲೋಟ ಎಲ್ಲಿದೆ ಎಂದು ಕೈಗೆ ಗೊತ್ತಾಗುವುದಿಲ್ಲ. ಇಬ್ಬನಿ ಹನಿಹನಿಯಾಗಿ ಮಾಡುವ ಹಾನಿಯನ್ನು ಸಕ್ಕರೆ ಹಾಕಿದ ಅರ್ಧ ಲೋಟ ಚಹಾ ಒಂದೇ ಕ್ಷಣದಲ್ಲಿ ಮಾಡಿಬಿಡುತ್ತದೆ.

ಒಂದು ಡಿಸೆಂಬರ್ ರಾತ್ರಿ ಸುಮಾರು ಮೂರು ಗಂಟೆಯ ಹೊತ್ತು. ನಕ್ಷೆಯ ಪುಸ್ತಕ ಒದ್ದೆಯಾಗಿ ಹಾಳೆ ಹಾಳೆ ಅಂಟಿಕೊಂಡಿತ್ತು. ಕುರ್ಚಿಯ ಕೈ, ಬ್ಯಾಗಿನ ಮೇಲ್ಭಾಗ, ನಮ್ಮ ತಲೆಗೂದಲು, ಎಲ್ಲ ಒದ್ದೆ. ಮೊದಲ ಸಲ ಬಂದಿದ್ದ ಹುಡುಗಿಯೊಬ್ಬಳು ಸಂಜೆಯಿಂದ ತನ್ನ ಲ್ಯಾಪ್‌ಟಾಪಿನದೇ ಚಿಂತೆಯಲ್ಲಿದ್ದಳು. ಅವಳ ಕೈ ಹಿಡಿದು ಪರದೆಯೊಳಗೆ ತೂರಿಸಿದೆ. "ಅಕ್ಕಾ, ಒಳಗೆ ಬೆಚ್ಚಗಿದೆ!" ಎಂದಳು. ಕೀಲಿಮಣೆಯ ಮೇಲೆ ಬೆರಳು ಆಡಿಸಿದಳು, ಪೂರ್ತಿ ಒಣ. ಆಮೇಲೆ ಅವಳು ಲ್ಯಾಪ್‌ಟಾಪಿನ ಕಡೆ ನೋಡುವುದು ಬಿಟ್ಟು ಆಕಾಶ ನೋಡಲು ಶುರು ಮಾಡಿದಳು. ನನಗೆ ಬೇಕಾದದ್ದು ಅದೇ ಆಗಿತ್ತು.

ಇಷ್ಟು ಹೊತ್ತು ರಾತ್ರಿಯಿಂದ ಲ್ಯಾಪ್‌ಟಾಪನ್ನು ಕಾಪಾಡುವ ಮಾತು. ಇನ್ನು ಲ್ಯಾಪ್‌ಟಾಪಿನಿಂದ ರಾತ್ರಿಯನ್ನು ಕಾಪಾಡುವ ಮಾತು. ಇದು ಶಿಷ್ಟಾಚಾರದ ವಿಷಯವೂ ಹೌದು. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಕಣ್ಣಿನೊಳಗೆ ಮಂದ ಬೆಳಕನ್ನು ಹಿಡಿಯುವ ವರ್ಣದ್ರವ್ಯ ನಿಧಾನವಾಗಿ ಕೂಡುತ್ತ ಬರುತ್ತದೆ. ಬಿಳಿ ಪರದೆಯ ಒಂದು ಮಿಂಚು ಬಿದ್ದರೆ ಅದು ಕರಗಿಹೋಗುತ್ತದೆ, ಮತ್ತೆ ಮೊದಲಿನಿಂದ ಕಾಯಬೇಕು. ಪಕ್ಕದವರು ಅರ್ಧ ಗಂಟೆ ಕಾದು ಮಸುಕಾದ ನೀಹಾರಿಕೆಯೊಂದನ್ನು ನೋಡುತ್ತಿರುವಾಗ ನಾವು ಪರದೆ ತೆರೆದರೆ, ಅವರ ಎಲೆಯ ಮೇಲಿನ ಪಾಯಸಕ್ಕೆ ಸಾರು ಸುರಿದ ಹಾಗೆ.

ಮಂದ ಬೆಳಕಿನಲ್ಲಿ ನೋಡುವ ಕಣ್ಣಿನ ಕೋಶಗಳಿಗೆ ಗಾಢ ಕೆಂಪು ಬೆಳಕು ಹೆಚ್ಚು ಕಾಣುವುದಿಲ್ಲ. ಅದಕ್ಕೇ ನಾವು ಎಲ್ಲವನ್ನೂ ಕೆಂಪು ಮಾಡುತ್ತೇವೆ. ಸ್ಟೆಲೇರಿಯಂನಲ್ಲಿ ಕಂಟ್ರೋಲ್ ಮತ್ತು ಎನ್ ಕೀಲಿ ಒತ್ತಿದರೆ ನಕ್ಷೆ ಕೆಂಪಾಗುತ್ತದೆ. ಆದರೆ ಉಳಿದ ಕಿಟಕಿಗಳು ಬೆಳ್ಳಗೇ ಇರುತ್ತವೆ. ಆದ್ದರಿಂದ ಪರದೆಯ ಬೆಳಕನ್ನು ಅತಿ ಕಡಿಮೆಗೆ ಇಳಿಸಿ, ನಾಟಕ ಮತ್ತು ಅಲಂಕಾರದ ಸಾಮಾನಿನ ಅಂಗಡಿಯಲ್ಲಿ ಸಿಗುವ ಕೆಂಪು ಜಿಲೆಟಿನ್ ಕಾಗದವನ್ನು ಎರಡು ಪದರ ಮಾಡಿ ಪರದೆಯ ಮುಂದೆ ಇಳಿಬಿಡಿ. ಕೀಲಿಮಣೆಯ ಅಡಿಯ ದೀಪ ಆರಿಸಿ. ಚಾರ್ಜರ್, ಪವರ್ ಬ್ಯಾಂಕ್, ಕ್ಯಾಮೆರಾ, ಇವೆಲ್ಲದರ ಹಸಿರು ನೀಲಿ ಚುಕ್ಕೆದೀಪಗಳ ಮೇಲೆ ಕಪ್ಪು ಟೇಪು ಅಂಟಿಸಿ. ಹೀಗೆ ಮಾಡಿದರೆ ಇನ್ನೊಂದು ಲಾಭವೂ ಇದೆ. ಮಳೆಗಾಲ ಮುಗಿದ ಹೊಸತರಲ್ಲಿ ಬಿಳಿ ಪರದೆಗೆ ಹುಳುಗಳು ಮುತ್ತಿಕೊಳ್ಳುತ್ತವೆ, ಫ್ಯಾನಿನ ಕಿಂಡಿಯೊಳಗೂ ಹೋಗುತ್ತವೆ. ಕೆಂಪು ಬೆಳಕಿಗೆ ಅವು ಅಷ್ಟಾಗಿ ಬರುವುದಿಲ್ಲ. ಕಪ್ಪು ಪರದೆಯ ಪೆಟ್ಟಿಗೆ ಇಬ್ಬನಿ ತಡೆಯುತ್ತದೆ, ಬೆಳಕು ತಡೆಯುತ್ತದೆ, ಹುಳು ತಡೆಯುತ್ತದೆ. ಒಂದೇ ಡಬ್ಬದಿಂದ ಮೂರು ಕೆಲಸ.

ಇಲ್ಲಿ ನಿಮಗೆ ಒಬ್ಬ ಹೆಂಗಸಿನ ಪರಿಚಯ ಮಾಡಿಕೊಡಬೇಕು. ಕ್ಯಾರೊಲಿನ್ ಹರ್ಷಲ್, 1750ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಹುಟ್ಟಿದವರು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷಲ್ ಅವರ ತಂಗಿ. ಇಂಗ್ಲೆಂಡಿನಲ್ಲಿ ಅಣ್ಣ ದೂರದರ್ಶಕದಲ್ಲಿ ಕಂಡದ್ದನ್ನು ಕೂಗಿ ಹೇಳುತ್ತಿದ್ದರು. ತಂಗಿ ತೆರೆದ ಕಿಟಕಿಯ ಪಕ್ಕ ಮೇಜಿನ ಮುಂದೆ ಕುಳಿತು, ಗಡಿಯಾರ ನೋಡಿ, ಹೊತ್ತು ಮತ್ತು ಸ್ಥಾನ ಬರೆದುಕೊಳ್ಳುತ್ತಿದ್ದರು. ಇವತ್ತು ಲ್ಯಾಪ್‌ಟಾಪ್ ಮಾಡುವ ಕೆಲಸವನ್ನು ಅಂದು ಮಾಡುತ್ತಿದ್ದದ್ದು ಆ ಹೆಣ್ಣುಮಗಳು. ಯಾವ ನೀಹಾರಿಕೆ ಎಲ್ಲಿದೆ ಎಂಬುದು ಉಳಿದುಬಂದದ್ದು ಆ ಮೇಜಿನ ಮೇಲಿನ ಕಾಗದದಲ್ಲಿ. ಆಮೇಲೆ ಅವರು ತಾವೇ ಎಂಟು ಧೂಮಕೇತುಗಳನ್ನು ಕಂಡುಹಿಡಿದರು. 1787ರಲ್ಲಿ ಇಂಗ್ಲೆಂಡಿನ ರಾಜ ಅವರ ಕೆಲಸಕ್ಕೆ ವರ್ಷಕ್ಕೆ 50 ಪೌಂಡು ಸಂಬಳ ನಿಗದಿ ಮಾಡಿದ.

1783ರ ಡಿಸೆಂಬರ್ 31ರ ರಾತ್ರಿ, ಹಿಮ ಬಿದ್ದ ನೆಲದ ಮೇಲೆ ಕತ್ತಲೆಯಲ್ಲಿ ಓಡುವಾಗ ಕ್ಯಾರೊಲಿನ್ ಜಾರಿ ಬಿದ್ದರು. ದೂರದರ್ಶಕದ ಯಂತ್ರಕ್ಕೆ ಹಾಕಿದ್ದ ಕಬ್ಬಿಣದ ಕೊಕ್ಕೆ ಮೊಣಕಾಲಿನ ಮೇಲ್ಭಾಗಕ್ಕೆ ಹೊಕ್ಕಿತು. ಇದನ್ನು ನಾನು ಪ್ರತಿ ಸಲ ಹೊಸಬರಿಗೆ ಹೇಳುತ್ತೇನೆ. ಕತ್ತಲೆಯ ಬಯಲಿನಲ್ಲಿ ನೆಲದ ಮೇಲೆ ಬಿದ್ದಿರುವ ಪ್ರತಿಯೊಂದೂ ಒಂದು ಕೊಕ್ಕೆಯೇ. ವೈರನ್ನು ಎಲ್ಲೆಂದರಲ್ಲಿ ಬಿಡಬೇಡಿ. ದೂರದರ್ಶಕದ ಕಾಲಿಗೆ ವೆಲ್ಕ್ರೋ ಪಟ್ಟಿಯಿಂದ ಕಟ್ಟಿ, ನೆಲದ ಮೇಲೆ ಹಾಯುವ ಕಡೆ ಗೋಣಿಚೀಲ ಮುಚ್ಚಿ, ಮೇಜಿನ ಕಾಲಿಗೆ ಬಿಳಿ ರಿಬ್ಬನ್ ಸುತ್ತಿ. ಯಾರಾದರೂ ವೈರಿಗೆ ಎಡವಿದರೆ ಲ್ಯಾಪ್‌ಟಾಪ್ ಬೀಳುತ್ತದೆ, ದೂರದರ್ಶಕ ವಾಲುತ್ತದೆ, ಎಡವಿದವರ ಕೈಯೋ ಕಾಲೋ ಮುರಿಯುತ್ತದೆ.

ಮುಂದಿನದು ವಿದ್ಯುತ್. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ಕೆಲವು ಕಡೆ ಹತ್ತಿರದ ಮನೆಯವರು ಒಳ್ಳೆಯ ಮನಸ್ಸಿನಿಂದ "ನಮ್ಮ ಮನೆಯಿಂದ ವೈರು ಎಳೆದುಕೊಳ್ಳಿ" ಎನ್ನುತ್ತಾರೆ. ಇಬ್ಬನಿಯಲ್ಲಿ ತೊಯ್ದ ಹುಲ್ಲಿನ ಮೇಲೆ 230 ವೋಲ್ಟಿನ ಎಕ್ಸ್‌ಟೆನ್ಷನ್ ಬೋರ್ಡು ಬಿದ್ದಿರುವುದು, ಸುತ್ತ ಬರಿಗಾಲಿನ ಮಕ್ಕಳು ಓಡಾಡುವುದು ನೆನೆದರೇ ಭಯವಾಗುತ್ತದೆ. ನಮ್ರವಾಗಿ ಬೇಡ ಎನ್ನಿ. ಮನೆಯಿಂದಲೇ ಬ್ಯಾಟರಿ ಒಯ್ಯಿರಿ. ಕಡಿಮೆ ವೋಲ್ಟಿನ ಬ್ಯಾಟರಿ ಒದ್ದೆಯಾದರೆ ಹಾಳಾಗಬಹುದು, ಆದರೆ ಮೈಗೆ ಶಾಕ್ ಹೊಡೆಯುವುದಿಲ್ಲ.

ಲೆಕ್ಕ ಸುಲಭ. ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ವ್ಯಾಟ್ ಅವರ್ ಎಂದು ಬರೆದಿರುತ್ತದೆ. 50 ಇದ್ದರೆ, 20 ವ್ಯಾಟ್ ತಿನ್ನುವ ಲ್ಯಾಪ್‌ಟಾಪ್ ಎರಡೂವರೆ ಗಂಟೆ ನಡೆಯುತ್ತದೆ. ಪವರ್ ಬ್ಯಾಂಕಿನ ಮೇಲೆ ದಪ್ಪ ಅಕ್ಷರದಲ್ಲಿರುವ 20,000 ಎಂಎಎಚ್ ನೋಡಿ ಮರುಳಾಗಬೇಡಿ. ಅದನ್ನು ಒಳಗಿನ ಕೋಶದ 3.7 ವೋಲ್ಟಿನಿಂದ ಗುಣಿಸಿದರೆ 74 ವ್ಯಾಟ್ ಅವರ್. ದಾರಿಯಲ್ಲಿ ಸೋರುವುದನ್ನು ಕಳೆದರೆ ಕೈಗೆ ಸಿಗುವುದು ಸುಮಾರು 60, ಅಂದರೆ ಮೂರು ಗಂಟೆ. ಎರಡೂ ಸೇರಿ ಐದೂವರೆ ಗಂಟೆ. ರಾತ್ರಿ ಒಂಬತ್ತರಿಂದ ನಾಲ್ಕರವರೆಗೆ ಏಳು ಗಂಟೆ. ಇನ್ನೊಂದು ಪವರ್ ಬ್ಯಾಂಕ್ ಬೇಕು, ಇಲ್ಲವೇ ಕಡಿಮೆ ತಿನ್ನುವ ಲ್ಯಾಪ್‌ಟಾಪ್ ಬೇಕು. ಪರದೆಯ ಬೆಳಕು ಇಳಿಸಿದರೆ ಖರ್ಚೂ ಇಳಿಯುತ್ತದೆ. ಪವರ್ ಬ್ಯಾಂಕ್ ನಿಮ್ಮ ಲ್ಯಾಪ್‌ಟಾಪಿಗೆ ವಿದ್ಯುತ್ ಕೊಡುವಂಥದ್ದೇ ಎಂದು ಕೊಳ್ಳುವಾಗಲೇ ಜೋಡಿಸಿ ನೋಡಿ. ಕಾರಿನ ಬ್ಯಾಟರಿಗೆ ಮಾತ್ರ ಕೈಹಾಕಬೇಡಿ. ಬೆಳಿಗ್ಗೆ ಕಾರು ಹೊರಡದಿದ್ದರೆ ಎಲ್ಲರೂ ಇಳಿದು ತಳ್ಳಬೇಕಾಗುತ್ತದೆ.

ರಾತ್ರಿ ಕ್ಷೇಮವಾಗಿ ಕಳೆಯಿತು, ಮನೆಗೆ ಬಂದಿರಿ. ಎಷ್ಟೋ ಲ್ಯಾಪ್‌ಟಾಪ್ ಒದ್ದೆಯಾಗುವುದು ಬಯಲಿನಲ್ಲಲ್ಲ, ಮನೆಯೊಳಗೆ. ಎಸಿ ಟ್ಯಾಕ್ಸಿಯಿಂದ ಇಳಿದ ಕೂಡಲೇ ಕನ್ನಡಕ ಮಂಜಾಗುವುದು ಮುಂಬಯಿಯಲ್ಲಿ ಎಲ್ಲರಿಗೂ ಅನುಭವ. ಅದೇ ಸಂಗತಿ ಇದು. ಬೆಳಗಿನ ಜಾವ ಆರಿಸಿದ ಲ್ಯಾಪ್‌ಟಾಪ್ 14 ಡಿಗ್ರಿಗೆ ತಣ್ಣಗಾಗಿರುತ್ತದೆ. ಮನೆಯಲ್ಲಿ 26 ಡಿಗ್ರಿ, ತೇವಾಂಶ ಶೇಕಡಾ 70 ಎಂದುಕೊಳ್ಳಿ. ಆ ಗಾಳಿಗೆ 20 ಡಿಗ್ರಿಗಿಂತ ತಣ್ಣಗಿನ ಏನು ಸಿಕ್ಕರೂ ಅದರ ಮೇಲೆ ನೀರು ಕಟ್ಟುತ್ತದೆ, ಲ್ಯಾಪ್‌ಟಾಪಿನ ಹೊರಗೂ ಒಳಗೂ. ಆ ಹೊತ್ತಿನಲ್ಲಿ ಚಿತ್ರ ನೋಡುವ ಆಸೆಗೆ ಗುಂಡಿ ಒತ್ತಿದರೆ ಕೆಟ್ಟಿತು. ಉಪಾಯ ಇಷ್ಟೇ. ಬಯಲಿನಲ್ಲೇ, ಅಲ್ಲಿನ ತಣ್ಣನೆಯ ಗಾಳಿಯಲ್ಲೇ, ಹೊರಮೈ ಒರೆಸಿ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ. ಮನೆಗೆ ಬಂದ ಮೇಲೆ ಎರಡು ಗಂಟೆ ಹಾಗೇ ಬಿಡಿ. ನೀರು ಕಟ್ಟಿದರೆ ಚೀಲದ ಹೊರಮೈಯಲ್ಲಿ ಕಟ್ಟುತ್ತದೆ. ನೀವು ಸ್ನಾನ ಮಾಡಿ, ತಿಂಡಿ ತಿಂದು, ಒಂದು ನಿದ್ದೆ ಮಾಡಿ ಎದ್ದು ತೆರೆದರೆ ಸರಿ.

ಇಷ್ಟೆಲ್ಲ ಮಾಡಿದರೂ ಒದ್ದೆಯಾದರೆ? ತಕ್ಷಣ ಆರಿಸಿ. ಚಾರ್ಜರ್, ಪೆನ್‌ಡ್ರೈವ್, ಎಲ್ಲ ಕಿತ್ತುಹಾಕಿ. ಪುಸ್ತಕವನ್ನು ಬೋರಲು ನಿಲ್ಲಿಸುವ ಹಾಗೆ ತೆರೆದು, ಕೀಲಿಮಣೆ ಕೆಳಮುಖವಾಗಿ ಫ್ಯಾನಿನ ಕೆಳಗೆ ಇಡಿ. ಒಂದೆರಡು ದಿನ ಮುಟ್ಟಬೇಡಿ. ಕೂದಲು ಒಣಗಿಸುವ ಯಂತ್ರದ ಬಿಸಿ ಗಾಳಿ ಬೇಡ, ಅದು ಪ್ಲಾಸ್ಟಿಕ್ಕನ್ನು ಸೊಟ್ಟ ಮಾಡುತ್ತದೆ. ಅಕ್ಕಿ ಡಬ್ಬಿಯಲ್ಲಿ ಹುಗಿಯುವ ಉಪಾಯವನ್ನೂ ಬಿಟ್ಟುಬಿಡಿ. ಅಕ್ಕಿಯ ಹುಡಿ ಕಿಂಡಿಗಳಲ್ಲಿ ಸೇರುತ್ತದೆ, ಅಕ್ಕಿಯೂ ಹೋಯಿತು. ಚೀಲದೊಳಗೆ ಇಡಲು ಚಪ್ಪಲಿಯ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟುಕೊಳ್ಳಿ. ಆದರೆ ನೀಲಿ ಬಣ್ಣದ ಕಾಳುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣ ಇರುತ್ತದೆ. ಅವನ್ನು ಮತ್ತೆ ಒಣಗಿಸಲು ಅಡುಗೆಯ ಬಾಣಲೆಗೆ ಹಾಕಬೇಡಿ.

ಆಗುವುದಾದರೆ ಬಯಲಿಗೆ ಬೇರೆಯದೇ ಹಳೆಯ ಲ್ಯಾಪ್‌ಟಾಪ್ ಇರಲಿ. ಮಕ್ಕಳು ಹೊಸದು ಕೊಂಡಾಗ ಹಳೆಯದನ್ನು ಕೊಟ್ಟುಬಿಡಬೇಡಿ. ತಿರುಗುವ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಲೋಕಲ್‌ನ ಕುಲುಕಾಟಕ್ಕೂ ಅದು ಜಗ್ಗುವುದಿಲ್ಲ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಈ ಕೆಲಸ ಮಾಡಿಕೊಡುವ ಅಂಗಡಿಗಳು ಸಾಲುಸಾಲಾಗಿವೆ. ಆಫೀಸಿನ ಲ್ಯಾಪ್‌ಟಾಪ್ ಮಾತ್ರ ತರಬೇಡಿ. ಮತ್ತೆ, ಸಾಮಾನು ಕಟ್ಟುವ ಮೊದಲು ಆ ರಾತ್ರಿಯ ಚಿತ್ರಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಬೇರೆಯವರ ಬ್ಯಾಗಿನಲ್ಲಿಡಿ. ಲ್ಯಾಪ್‌ಟಾಪ್ ಇನ್ನೊಂದು ಕೊಳ್ಳಬಹುದು. ಕ್ಷುದ್ರಗ್ರಹವೊಂದು ನಕ್ಷತ್ರದ ಮುಂದೆ ಹಾದು ಅದನ್ನು ಕೆಲವೇ ಸೆಕೆಂಡು ಮರೆಮಾಡಿದ ದಾಖಲೆ ಮತ್ತೆ ಸಿಗುವುದಿಲ್ಲ.

ಲಡಾಖ್‌ನ ಹಾನ್ಲೆಗೆ ಹೋಗುವ ಆಸೆ ಇರುವವರಿಗೆ ಒಂದು ಮಾತು. 2022ರಲ್ಲಿ ಆ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದರು. ಅದು ಸುಮಾರು 4,500 ಮೀಟರ್ ಎತ್ತರದ ಒಣ ನಾಡು. ಅಲ್ಲಿ ಇಬ್ಬನಿಗಿಂತ ಚಳಿಯ ಕಾಟ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿ ಬೇಗ ಸೋಲುತ್ತದೆ, ಆ ತಂಪಿನಲ್ಲಿ ಅದನ್ನು ಚಾರ್ಜ್ ಮಾಡಿದರೆ ಒಳಗೇ ಹಾಳಾಗುತ್ತದೆ. ಬ್ಯಾಟರಿಯನ್ನು ಸ್ವೆಟರಿನೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಬೇಕು. ತಿರುಗುವ ಹಾರ್ಡ್ ಡಿಸ್ಕ್‌ಗಳನ್ನು ಸಾಮಾನ್ಯವಾಗಿ ಸುಮಾರು 3,000 ಮೀಟರ್ ಎತ್ತರದವರೆಗಷ್ಟೇ ಬಳಸಲು ಮಾಡಿರುತ್ತಾರೆ. ಅಲ್ಲಿಗೂ ಎಸ್‌ಎಸ್‌ಡಿಯೇ ಬೇಕು.

ಆ ಹಾನ್ಲೆಯಲ್ಲಿ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವ ಖಗೋಳವಿಜ್ಞಾನಿಗಳು ಕೂರುವುದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಅಲ್ಲಿನ ಕೇಂದ್ರದಿಂದ ಉಪಗ್ರಹದ ಸಂಪರ್ಕದ ಮೂಲಕ ದೂರದರ್ಶಕವನ್ನು ತಿರುಗಿಸುತ್ತಾರೆ. ಅವರ ಕಂಪ್ಯೂಟರಿಗೆ ಇಬ್ಬನಿಯೂ ಇಲ್ಲ, ಹಿಮವೂ ಇಲ್ಲ. ಸಣ್ಣ ಮಟ್ಟದಲ್ಲಿ ನಾವೂ ಇದನ್ನು ಮಾಡಬಹುದು. ದೂರದರ್ಶಕದ ಪಕ್ಕ ಅಂಗೈಯಷ್ಟು ದೊಡ್ಡ ಕಂಪ್ಯೂಟರ್ ಕಟ್ಟಿ, ವೈಫೈ ಮೂಲಕ ಕೋಣೆಯೊಳಗಿನ ಲ್ಯಾಪ್‌ಟಾಪಿನಿಂದ ನಡೆಸುವವರು ಈಗ ಹೆಚ್ಚುತ್ತಿದ್ದಾರೆ. ಆದರೆ ಶುರುವಿಗೆ ನಮ್ಮ ಪ್ಲಾಸ್ಟಿಕ್ ಡಬ್ಬವೇ ಸಾಕು.

ಕೊನೆಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ರಾತ್ರಿ ವೀಕ್ಷಣೆಗೆ ಹೋದಲ್ಲೂ ಡಬ್ಬಿ ಬಿಚ್ಚುವುದು, ಚಹಾ ಹಂಚುವುದು, ಬಂದವರ ಹೆಸರು ಬರೆಯುವುದು ತಾನಾಗಿಯೇ ನಮ್ಮ ಪಾಲಿಗೆ ಬರುತ್ತದೆ. ಮಾಡೋಣ, ಬೇಡವೆನ್ನುವುದಿಲ್ಲ. ಆದರೆ ಅದರ ಜೊತೆಗೆ ಲ್ಯಾಪ್‌ಟಾಪಿನ ಮುಂದಿನ ಜಾಗವನ್ನೂ ಕೇಳಿ ತೆಗೆದುಕೊಳ್ಳಿ. ಆ ರಾತ್ರಿ ಆಕಾಶದಲ್ಲಿ ಏನಾಯಿತು ಎಂಬ ದಾಖಲೆ ಇರುವುದು ಅಲ್ಲಿ. ಅದನ್ನು ಒಣದಾಗಿ ಬೆಚ್ಚಗೆ ಇಡುವ ವಿದ್ಯೆ, ತೇವದಿಂದ ಉಪ್ಪಿನಕಾಯಿ ಹಪ್ಪಳಗಳನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ನಮಗೆ ಹೊಸದೇನಲ್ಲ.

ಬರುವ ಅಮಾವಾಸ್ಯೆಯ ಹತ್ತಿರದ ಶನಿವಾರ ವಾಂಗಣಿಗೆ ಹೋಗುವವರಿದ್ದೇವೆ. ಬರುವವರು ಕಾರ್ಯದರ್ಶಿಯವರ ಹತ್ತಿರ ಹೆಸರು ಕೊಡಿ. ಶಾಲು, ಚಾಪೆ, ಕೆಂಪು ಕಾಗದ ಸುತ್ತಿದ ಟಾರ್ಚು ತನ್ನಿ. ನಾಲ್ಕು ಲ್ಯಾಪ್‌ಟಾಪಿಗೆ ಆಗುವಷ್ಟು ಡಬ್ಬಗಳನ್ನು ನಾನು ತರುತ್ತೇನೆ.